ತೊಳೆದ ಚಿತ್ರ

ಬೀರೂರು
4 ಜೂನ್ 2024

ಚಿ. ಸಂಗೀತಾಳಿಗೆ,

ನಿನ್ನ ಓಂಕಾರಿ ಮಾವನ ಆಶೀರ್ವಾದ. ಮೊಬೈಲು ಕೈಯಲ್ಲಿಟ್ಟುಕೊಂಡು ಇವನೇನು ಕಾಗದ ಬರೆಯುತ್ತಾನೆ, ತಲೆ ಕೆಟ್ಟಿದೆಯಾ ಎಂದು ಬೈಯಬೇಡ. ಫೋನ್ ಮಾಡಿದರೆ ನಿಮ್ಮಮ್ಮ ಕಿತ್ತುಕೊಂಡು ಸ್ಪೀಕರ್ ಹಾಕುತ್ತಾಳೆ. ಮೆಸೇಜು ಬಂದರೆ ಊಟಕ್ಕೆ ಬಂದ ರೈಲ್ವೆಯವರ ಕೈಲಿ ಗಟ್ಟಿಯಾಗಿ ಓದಿಸುತ್ತಾಳೆ. ನನ್ನ ಸ್ಟುಡಿಯೋಗೂ ಅವಳ ಮುದ್ದೆ ಮೆಸ್ಸಿಗೂ ನಡುವೆ ಇರುವುದು ಒಂದೇ ಗೋಡೆ, ಅದರಲ್ಲೂ ಒಂದು ಬಾಗಿಲು. ಅವಳಿಗೆ ತಿಳಿಯಬಾರದ ಮಾತು ಹೇಳುವುದಕ್ಕೆ ನನಗೆ ಉಳಿದಿರುವುದು ಪೋಸ್ಟ್‌ಮ್ಯಾನ್ ರಂಗಯ್ಯ ಒಬ್ಬನೇ.

ಅಕ್ಕನ ಹೊಟ್ಟೆಯಲ್ಲಿರುವುದು ಹುಣ್ಣಲ್ಲ ಕಣೇ. ಕ್ಯಾನ್ಸರ್. ಈ ಒಂದು ಪದ ಬರೆಯುವುದಕ್ಕೆ ಮೂರು ಹಾಳೆ ಹರಿದೆ.

ಶಿವಮೊಗ್ಗದಲ್ಲಿ ಡಾ. ರೇಣುಕಪ್ರಸಾದ್ ನೋಡುತ್ತಿದ್ದಾರೆ. ಅವರ ಮಗಳ ಮದುವೆ ಕಡೂರಿನ ಛತ್ರದಲ್ಲಿ ಆದಾಗ ವಿಡಿಯೋ ಮಾಡಿದವನು ನಾನೇ, ಆ ಗುರುತಿನ ಮೇಲೆ ಹೋದೆ. ಮೊನ್ನೆ ಶುಕ್ರವಾರ ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ, ಕ್ಯಾಮೆರಾ ಒಳಗೆ ಬಿಟ್ಟು ನೋಡಿದರು. ನನ್ನನ್ನೂ ಒಳಗೆ ಕರೆದು, "ಬಾರಪ್ಪ ಓಂಕಾರೇಶ್, ನಿನ್ನ ಕಸುಬೇ ಇದು" ಎಂದು ಟಿವಿ ತೋರಿಸಿದರು. ಅಯ್ಯೋ ಶಿವನೇ, ಆ ಟಿವಿ! ಹೊಟ್ಟೆಯೊಳಗೆಲ್ಲ ಅರಿಶಿನ ಕಲಸಿಟ್ಟ ಹಾಗಿತ್ತು. ಯಾವ ಅಜ್ಜನ ಕಾಲದ್ದೋ. ನನ್ನ ಸ್ಟುಡಿಯೋದಲ್ಲಿ ಅಂಥದ್ದನ್ನು ಇಟ್ಟಿದ್ದರೆ ಬೀರೂರಿನಲ್ಲಿ ಯಾರೂ ನನ್ನನ್ನು ಒಂದು ನಾಮಕರಣಕ್ಕೂ ಕರೆಯುತ್ತಿರಲಿಲ್ಲ. ಡಾಕ್ಟರು ಮಾತ್ರ "ಎಲ್ಲೂ ಹರಡಿಲ್ಲ, ಇಪ್ಪತ್ತೇಳಕ್ಕೆ ಹೊಟ್ಟೆ ಪೂರ್ತಿ ತೆಗೆದುಬಿಡೋಣ" ಅಂದರು. ಕೈಗೆ ಒಂದು ಪೆನ್ ಡ್ರೈವ್ ಕೊಟ್ಟರು.

ಅಕ್ಕನಿಗೆ ಹುಣ್ಣು ಅಂತಲೇ ಹೇಳಿದ್ದೇನೆ. "ಹುಣ್ಣಿಗೆ ಯಾಕೋ ಹೊಟ್ಟೇನೇ ತೆಗೀತಾರೆ? ಹಲ್ಲು ನೋವು ಅಂದ್ರೆ ತಲೆ ತೆಗೀತಾರಾ ನಿನ್ ಡಾಕ್ಟ್ರು?" ಎಂದು ಕೇಳುತ್ತಾಳೆ. ಈಗಲೂ ಮಧ್ಯಾಹ್ನ ಕೊನೇ ಪಂಕ್ತಿ ಎದ್ದ ಮೇಲೆ ತಾನು ಕೂತು ಎರಡು ಮುದ್ದೆ ಇಳಿಸುತ್ತಾಳೆ. ನೀನು ಆಪರೇಷನ್ ಥಿಯೇಟರಿನಲ್ಲೇ ಟೆಕ್ನಿಷಿಯನ್ ಆಗಿರುವವಳು. ಏನು ಮಾಡಬೇಕು ಬರಿ. ಸ್ಟುಡಿಯೋ ವಿಳಾಸಕ್ಕೇ ಬರಿ.

ನಿನ್ನ ಮಾವ,
ಓಂಕಾರೇಶ್


ಪುಣೆ
9 ಜೂನ್ 2024

ಮಾವ,

ನಿನ್ನ ಕಾಗದ ಓದಿ ಅರ್ಧ ಗಂಟೆ ಹಾಸ್ಟೆಲಿನ ಬಾತ್‌ರೂಮಿನಲ್ಲಿ ಕೂತಿದ್ದೆ. ಈಗ ಅತ್ತು ಆಗಿದೆ, ಕೇಳು.

ಆ ಪೆನ್ ಡ್ರೈವ್ ನನಗೆ ಕಳಿಸು. ವಾಟ್ಸಾಪಿನಲ್ಲಿ ಬೇಡ, ಅದು ಚಿತ್ರವನ್ನು ಹಿಂಡಿ ಹಾಳು ಮಾಡುತ್ತದೆ, ನಿನಗೇ ಗೊತ್ತು. ಸ್ಪೀಡ್ ಪೋಸ್ಟ್ ಮಾಡು. ನಮ್ಮಲ್ಲಿರುವ ಪರದೆ ನಿನ್ನ ಸ್ಟುಡಿಯೋ ಬಾಗಿಲಿನಷ್ಟು ದೊಡ್ಡದು. ಡಾಕ್ಟರು ತ್ರೀಡಿ ಸಿನಿಮಾದಂಥ ಕನ್ನಡಕ ಹಾಕಿಕೊಂಡರೆ ಕರುಳಿನ ಆಳವೂ ಕಾಣುತ್ತದೆ, ಕೂದಲಿನಷ್ಟು ತೆಳ್ಳಗಿನ ರಕ್ತನಾಳವೂ ಕಾಣುತ್ತದೆ. ಹಳೇ ಟಿವಿಯಲ್ಲಿ ಕಾಣದೆ ಹೋದದ್ದು ಇದರಲ್ಲಿ ಕಾಣಬಹುದು. ನಮ್ಮ ಡಾ. ದ್ವಾರಕಾನಾಥ್ ಸರ್ ಹೊಟ್ಟೆ, ಕರುಳಿನ ಕ್ಯಾನ್ಸರಿಗೇ ಹೆಸರಾದವರು. ಮೂಲ ತರೀಕೆರೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಅವರ ಕೈಯಲ್ಲಿ ನೋಡಿಸುತ್ತೇನೆ.

ಯಾಕೆ ನೋಡಿಸಬೇಕು ಎಂದು ಸರಿಯಾಗಿ ತಿಳಿದುಕೋ. ರೋಗ ಹೊಟ್ಟೆಯೊಳಗೇ, ಅಂದರೆ ಜಠರದೊಳಗೇ ಇದ್ದರೆ ಹೊಟ್ಟೆ ತೆಗೆಯಲೇಬೇಕು. ಅಮ್ಮ ಉಳಿಯುತ್ತಾಳೆ. ಆದರೆ ಮುದ್ದೆ ನುಂಗುವುದು ಅಲ್ಲಿಗೆ ಮುಗಿಯಿತು, ಜೀವನಪೂರ್ತಿ ಚೂರು ಚೂರೇ ತಿನ್ನಬೇಕು. ಆಚೆ ಹರಡಿದ್ದರೆ ಹೊಟ್ಟೆ ತೆಗೆದೂ ಉಪಯೋಗವಿಲ್ಲ. ಆಗ ಔಷಧಿ ಅಷ್ಟೇ ಕೊಡುತ್ತಾರೆ. ಇರುವಷ್ಟು ದಿನ ಅವಳು ತನ್ನ ಮುದ್ದೆ, ಬಸ್ಸಾರು ತಿಂದುಕೊಂಡು ಇರಬಹುದು. ಇದರಲ್ಲಿ ತಪ್ಪಾಗಬಾರದು ಮಾವ.

ವಿಡಿಯೋದಲ್ಲಿ ಏನು ಹುಡುಕುತ್ತಾರೆ ಅಂತ ನಿನಗೆ ಬರೆಯುವುದಿಲ್ಲ. ಬರೆದರೆ ನೀನು ಸುಮ್ಮನಿರುವ ಗಿರಾಕಿಯಲ್ಲ, ಅದನ್ನೇ ಹುಡುಕುತ್ತಾ ಕೂತು ಹುಚ್ಚನಾಗುತ್ತೀಯ.

ಪ್ರತಿ ಬೆಳಿಗ್ಗೆ ಕ್ಯಾಮೆರಾ ಹೊಟ್ಟೆಯೊಳಗೆ ಹೋಗುವ ಮುಂಚೆ ಅದರ ಎದುರು ಬಿಳಿ ಬಟ್ಟೆ ಹಿಡಿದು ಬಣ್ಣ ಸರಿ ಮಾಡುವವಳು ನಾನೇ. ಅಜ್ಜಂಪುರದ ಮದುವೆಗಳಲ್ಲಿ ನನ್ನ ಕೈಗೆ ಬಿಳಿ ಹಾಳೆ ಕೊಟ್ಟು "ಅಲ್ಲಾಡ್ಬೇಡ ಕಣೇ" ಎಂದು ನಿಲ್ಲಿಸುತ್ತಿದ್ದೆಯಲ್ಲ, ದಿನಾ ನೆನಪಾಗುತ್ತದೆ.

ಸಂಗೀತಾ


ಬೀರೂರು
15 ಜೂನ್ 2024

ಚಿ. ಸಂಗೀತಾಳಿಗೆ,

ಇದರ ಜೊತೆ ಪೆನ್ ಡ್ರೈವ್ ಇದೆ. ಎರಡು ದಿನ ತಡವಾಯಿತು, ಒಂದು ಸಣ್ಣ ಕೆಲಸ ಉಳಿದಿತ್ತು. ಬೇರೆ ಪೆನ್ ಡ್ರೈವಿಗೆ ಹಾಕಿ ಕಳಿಸಿದ್ದೇನೆ. ಡಾಕ್ಟರು ಕೊಟ್ಟದ್ದನ್ನು ನಿಮ್ಮಮ್ಮ ಕಿತ್ತುಕೊಂಡು ವಿಭೂತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾಳೆ. "ನನ್ ಹೊಟ್ಟೆ ಒಳಗಿಂದು ಊರೆಲ್ಲಾ ಮೆರವಣಿಗೆ ಮಾಡ್ಬೇಡ್ರೋ, ಮಾನ ಮರ್ಯಾದೆ ಬ್ಯಾಡ್ವಾ?" ಅಂತ. ಅಷ್ಟರಲ್ಲಿ ನಾನು ಕಂಪ್ಯೂಟರಿಗೆ ಹಾಕಿಕೊಂಡಿದ್ದೆ, ಬಚಾವಾದೆ.

ನಿಮ್ಮ ದೊಡ್ಡ ಡಾಕ್ಟರ ಮುಂದೆ, ಆ ಬಾಗಿಲಿನಷ್ಟು ದೊಡ್ಡ ಪರದೆಯ ಮೇಲೆ ನಮ್ಮೂರ ಮಾನ ಹೋಗುವುದಿಲ್ಲ, ಧೈರ್ಯವಾಗಿ ಹಾಕು. ಬೀರೂರಿನ ಓಂಕಾರಿ ಕಳಿಸಿದ್ದು ಅಂತ ಬೇಕಾದರೆ ಹೇಳು.

ಅಕ್ಕ ಚೆನ್ನಾಗಿದ್ದಾಳೆ. ನಿನ್ನೆ ಗ್ಯಾಂಗ್‌ಮನ್ ಮಹೇಂದ್ರ ಸಾರಿಗೆ ಉಪ್ಪು ಕಮ್ಮಿ ಅಂದನಂತೆ. "ನಿನ್ ಹೆಂಡ್ತಿ ಮಾಡಿದ್ದು ತಿಂದು ನಾಲಿಗೆ ಮರಗಟ್ಟೋಗೈತೆ" ಎಂದು ಎಲ್ಲರ ಮುಂದೆ ಝಾಡಿಸಿದ್ದಾಳೆ. ಇಂಥವಳಿಗೆ ರೋಗ ಅಂದರೆ ಯಾರು ನಂಬುತ್ತಾರೆ?

ಬೇಗ ತಿಳಿಸು. ಇಪ್ಪತ್ತೇಳು ಹತ್ತಿರ ಬರುತ್ತಿದೆ.

ಓಂಕಾರಿ ಮಾವ


ಪುಣೆ
20 ಜೂನ್ 2024

ಮಾವ,

ಈ ಕಾಗದ ತಲುಪುವ ಮುಂಚೆ ಫೋನಿನಲ್ಲಿ "ಹಬ್ಬಕ್ಕೆ ಬಾ ಅಂದ್ರು" ಎಂದು ಮಾತ್ರ ಹೇಳುತ್ತೇನೆ. ಹಾಗೆಂದರೆ ಆಪರೇಷನ್ ಮಾಡಿಸು ಎಂದರ್ಥ.

ಸರ್ ನೋಡಿದರು. ಇಪ್ಪತ್ತೆರಡು ನಿಮಿಷವೂ ನೋಡಿದರು. ಮೇಲೆ ಪಿತ್ತಕೋಶದ ಹತ್ತಿರ, ಕೆಳಹೊಟ್ಟೆಯಲ್ಲಿ, ಎಲ್ಲೂ ಏನೂ ಇಲ್ಲ. ಸ್ವಚ್ಛವಾಗಿದೆ. ಹೊಟ್ಟೆ ತೆಗೆಯುವುದೇ ಸರಿ, ಅಲ್ಲೇ ಮಾಡಿಸಿ ಅಂದರು. ನಿಜ ಹೇಳಲಾ, ಆ ಆಸ್ಪತ್ರೆಯ ಕ್ಯಾಮೆರಾ ಇಷ್ಟು ಚೆನ್ನಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಂದು ಕಾಳು ಮಸುಕಿಲ್ಲ, ಎಷ್ಟು ನುಣುಪಾದ ಚಿತ್ರ! ಹಾಳಾಗಿರುವುದು ಅವರ ಟಿವಿ ಮಾತ್ರ.

ಅಮ್ಮನಿಗೆ ಮುದ್ದೆ ಇರುವುದಿಲ್ಲ, ಅಮ್ಮ ಇರುತ್ತಾಳೆ. ನನಗೆ ಅಷ್ಟು ಸಾಕು. ನಾನು ಇಪ್ಪತ್ತೆಂಟರ ಬೆಳಿಗ್ಗೆ ರೈಲಿಗೆ ಬರುತ್ತೇನೆ. ಹನ್ನೆರಡು ದಿನ ರಜೆ ಸಿಕ್ಕಿದೆ.

ಸಂಗೀತಾ


ಬೀರೂರು
22 ಜುಲೈ 2024

ಚಿ. ಸಂಗೀತಾಳಿಗೆ,

ನೀನು ಪುಣೆಗೆ ಹೋಗಿ ಹನ್ನೆರಡು ದಿನವಾಯಿತು. ನೀನಿದ್ದಾಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಆಪರೇಷನ್ ದಿನ ಡಾಕ್ಟರು ಬಾಗಿಲಿಗೆ ಬಂದು ತಟ್ಟೆಯಲ್ಲಿ ಅಕ್ಕನ ಹೊಟ್ಟೆಯನ್ನು ತೋರಿಸಿದರು. ಎಲ್ಲರಿಗೂ ಹಾಗೇ ತೋರಿಸುತ್ತಾರಂತೆ, ಪೂರ್ತಿ ತೆಗೆದಿದ್ದೇವೆ ಎಂದು ನಂಬಿಕೆ ಬರಲಿ ಅಂತ. ನಮ್ಮ ತೀರ್ಥಪ್ಪಣ್ಣ ಬುಕ್ಕಾಂಬುಧಿಯಿಂದ ಬಂದಿದ್ದ, ಅದನ್ನು ನೋಡಲಾರದೆ ಎದ್ದು ಹೊರಗೆ ಹೋದ. ಆಮೇಲೆ ಡಾಕ್ಟರು ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು. ಎಲ್ಲ ಮುಗಿಸಿ ಕೊನೆಗೆ ತೊಳೆಯುವಾಗ ಕೆಳಹೊಟ್ಟೆಯಲ್ಲಿ ಸಣ್ಣ ಸಣ್ಣ ಬಿಳಿ ಕಾಳುಗಳು ಕಂಡವಂತೆ, ರವೆಯಷ್ಟು. ಅಷ್ಟು ಹೊತ್ತಿಗೆ ಹೊಟ್ಟೆ ತಟ್ಟೆಗೆ ಬಂದಾಗಿತ್ತು. ಒಂದೆರಡನ್ನು ಕಿತ್ತು ಪರೀಕ್ಷೆಗೆ ಕಳಿಸಿದ್ದೇವೆ ಅಂದರು.

ನಿನ್ನೆ ರಿಪೋರ್ಟು ಬಂತು. ಅವೂ ಅದೇ ರೋಗ.

ನೀನು ಎದುರಿಗೆ ಕೂತು ಚಮಚದಲ್ಲಿ ಗಂಜಿ ಹಾಕುತ್ತಾ "ಆರು ತಿಂಗಳಲ್ಲಿ ಸರಿ ಹೋಗ್ತೀಯ ಬಿಡಮ್ಮ" ಎನ್ನುತ್ತಿದ್ದೆ. ಡಾಕ್ಟರ ಅನುಮಾನ ಸುಳ್ಳಾಗಲಿ ಎಂದು ರಿಪೋರ್ಟಿಗೆ ಕಾದೆ.

ಓಂಕಾರೇಶ್


ಪುಣೆ
29 ಜುಲೈ 2024

ಮಾವ,

ಕಾದೆಯಾ? ಏನು ಕಾದೆ? ಹನ್ನೆರಡು ದಿನ ನನ್ನ ಜೊತೆ ಕಾಫಿ ಕುಡಿಯುತ್ತಾ, ಮಹೇಂದ್ರನ ಕಥೆ ಹೇಳಿ ನಗಿಸುತ್ತಾ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆಯಾ?

ಸರಿ, ನಿನ್ನ ಮಾತು ಆಮೇಲೆ. ಮೊದಲು ಆ ಡಾಕ್ಟರ ಮಾತು. ಮೇ ಕೊನೆಯಲ್ಲಿ ಇಲ್ಲದ ಕಾಳುಗಳು ಜೂನ್ ಕೊನೆಯಲ್ಲಿ ಎಲ್ಲಿಂದ ಬಂದವು? ನಾಲ್ಕು ವಾರದಲ್ಲಿ ರಾಗಿ ಮೊಳೆತ ಹಾಗೆ ಮೊಳೆತವಾ? ನೀನು ಕಳಿಸಿದ ವಿಡಿಯೋವನ್ನು ನಿನ್ನೆ ಮತ್ತೆ ನೋಡಿದೆ. ಕೆಳಹೊಟ್ಟೆ ಪೂರ್ತಿ ಇದೆ, ಅಂಗೈಯಷ್ಟು ಶುಭ್ರವಾಗಿದೆ. ನನಗೆ ಈಗ ಒಂದೇ ಅನುಮಾನ. ಅವರು ಬೇರೆ ಯಾರದೋ ವಿಡಿಯೋವನ್ನು ಅಮ್ಮನದು ಎಂದು ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ನಮ್ಮ ಸರ್ ಅಂಥವರು ನೋಡಿ ಸ್ವಚ್ಛ ಅಂದಿದ್ದಾರೆಂದರೆ ಆ ಹೊಟ್ಟೆ ಅಮ್ಮನದಲ್ಲ.

ದೂರು ಕೊಡೋಣ. ಅಮ್ಮನ ಹತ್ತಿರ ಇರುವ ಮೂಲ ಪೆನ್ ಡ್ರೈವನ್ನು ಹೇಗಾದರೂ ತೆಗೆದು ಕಳಿಸು. ದೂರಿಗೆ ನೀನೂ ಸಹಿ ಹಾಕು. ಅಮ್ಮನ ಹೊಟ್ಟೆಯನ್ನು ಸುಮ್ಮಸುಮ್ಮನೆ ಕಿತ್ತಿದ್ದಾರೆ ಮಾವ. ಉಳಿದ ನಾಲ್ಕು ದಿನ ತಿಂದುಂಡು ಇರಬೇಕಾದವಳ ಊಟವನ್ನೇ ಕಿತ್ತಿದ್ದಾರೆ.

ಸಂಗೀತಾ


ಬೀರೂರು
11 ಆಗಸ್ಟ್ 2024

ಸಂಗೀತಾಳಿಗೆ,

ದೂರು ಗೀರು ಬೇಡ. ವಿಡಿಯೋ ಅಕ್ಕನದೇ. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ, ಅದಲುಬದಲಾಗಿಲ್ಲ. ರೇಣುಕಪ್ರಸಾದರು ಕಳ್ಳರಲ್ಲ. ಅವರಿಗೆ ಕಾಣಲಿಲ್ಲ, ಅಷ್ಟೇ. ನಿಮ್ಮ ದ್ವಾರಕಾನಾಥ್ ಡಾಕ್ಟರನ್ನೂ ಇದಕ್ಕೆ ಎಳೆಯಬೇಡ. ಪಾಪ, ಅವರಿಗೇನು ಗೊತ್ತು.

ಪೆನ್ ಡ್ರೈವ್ ಅಕ್ಕ ಕೊಡುವುದಿಲ್ಲ ಅನ್ನುತ್ತಾಳೆ. ನಾನೂ ಒತ್ತಾಯ ಮಾಡಲಿಲ್ಲ.

ಅವಳು ಈಗ ಮೆಸ್ಸಿನಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ಒಲೆ ಮುಂದೆ ಅವಳ ಬದಲಿಗೆ ಕೆಲಸದ ಕರಿಸಿದ್ದಪ್ಪ ನಿಲ್ಲುತ್ತಾನೆ. "ಅಯ್ಯೋ ನಿನ್ ಕೈ ಮುರಿಯಾ, ಗಂಟಾಯ್ತು, ತಿರುವೋ ಸರಿಯಾಗಿ" ಎಂದು ಅವನ ಜೀವ ತಿನ್ನುತ್ತಾಳೆ. ಎಲ್ಲರ ತಟ್ಟೆಗೂ ಮುದ್ದೆ ಬಿದ್ದ ಮೇಲೆ ಸಾರಿಗೆ ಬೆರಳದ್ದಿ ನೆಕ್ಕುತ್ತಾಳೆ. ಆಮೇಲೆ ಎರಡು ಚಮಚ ಗಂಜಿಗೆ ಕೂರುತ್ತಾಳೆ. ಅದರಲ್ಲಿ ಒಂದು ವಾಪಸ್ಸು ಬರುತ್ತದೆ. ಹನ್ನೊಂದು ಕೆ.ಜಿ. ಇಳಿದಿದ್ದಾಳೆ. "ಹುಣ್ಣು ತೆಗೆದ್ರು ಅಂದ್ರಲ್ಲೋ, ಇನ್ನೂ ಯಾಕೆ ಹಿಂಗೆ?" ಅಂತ ನಿನ್ನೆ ಕೇಳಿದಳು. ಕರೆಂಟು ಬಿಲ್ಲು ಕಟ್ಟಬೇಕು ಎಂದು ಎದ್ದು ಹೋದೆ.

ಓಂಕಾರೇಶ್


ಪುಣೆ
18 ಆಗಸ್ಟ್ 2024

ಮಾವ,

ಅರ್ಥವಾಯಿತು. ಮಗಳ ಮದುವೆಯ ವಿಡಿಯೋ ಮಾಡಿದ ಋಣ. ನಾಳೆ ಮೊಮ್ಮಗನ ನಾಮಕರಣಕ್ಕೂ ಕರೆಯಬೇಕಲ್ಲ. ನೀನು ಇಷ್ಟು ಅಗ್ಗದವನು ಎಂದು ಗೊತ್ತಿರಲಿಲ್ಲ. ಪೆನ್ ಡ್ರೈವ್ ನಾನೇ ಬಂದು ತೆಗೆದುಕೊಳ್ಳುತ್ತೇನೆ. ದೀಪಾವಳಿಗೆ ಬರುತ್ತೇನೆ, ಅಮ್ಮನಿಗಾಗಿ.

ಸಂಗೀತಾ


ಪುಣೆ
6 ನವೆಂಬರ್ 2024

ಶ್ರೀ ಓಂಕಾರೇಶ್ ಅವರಿಗೆ,

ಹಬ್ಬಕ್ಕೆ ಬಂದಾಗ ಅಮ್ಮ ಕೇಳದೆಯೇ ವಿಭೂತಿ ಪೆಟ್ಟಿಗೆ ತೆಗೆದು ಪೆನ್ ಡ್ರೈವ್ ಕೊಟ್ಟಳು. "ಓಂಕಾರಿಗೆ ಕೊಡ್ಲಿಲ್ಲ, ನಿನಗಾದ್ರೆ ಸರಿ" ಅಂದಳು. ನೀವು ಬಾಗಿಲಲ್ಲೇ ನಿಂತಿದ್ದಿರಿ. ನಿಮ್ಮ ಮುಖ ನೋಡಿಯೂ ನನಗೆ ಹೊಳೆಯಲಿಲ್ಲ.

ನಿನ್ನೆ ಎರಡನ್ನೂ ಅಕ್ಕಪಕ್ಕದ ಪರದೆಗಳಲ್ಲಿ ಹಾಕಿ ನೋಡಿದೆ. ಅದೇ ಹೊಟ್ಟೆ, ಅದೇ ನಿಮಿಷ. ಡಾಕ್ಟರು ಕೊಟ್ಟದ್ದರಲ್ಲಿ ಹದಿನಾಲ್ಕನೇ ನಿಮಿಷಕ್ಕೆ ಕೆಳಹೊಟ್ಟೆಯಲ್ಲಿ ಬಿಳಿ ಕಾಳುಗಳಿವೆ. ಆ ಹಳದಿ ಟಿವಿಯಲ್ಲಿ ಅವರಿಗೆ ಕಂಡಿರಲಾರದು. ಆದರೆ ಅವರ ಕ್ಯಾಮೆರಾ ಕಂಡಿತ್ತು. ನಮ್ಮ ಪರದೆಯಲ್ಲಿ ಒಂಬತ್ತು ಎಣಿಸಿದೆ. ನೀವು ಕಳಿಸಿದ್ದರಲ್ಲಿ ಒಂದೂ ಇಲ್ಲ.

ಮದುಮಗಳ ಕೆನ್ನೆಯ ಮೊಡವೆ ತೆಗೆದ ಹಾಗೆ ತೆಗೆದಿದ್ದೀರಿ. ನನ್ನ ಅಮ್ಮನ ಕರುಳಿಗೆ ಸ್ನೋ ಪೌಡರ್ ಹಚ್ಚಿ ಕಳಿಸಿದ್ದೀರಿ. ಅದನ್ನು ನೋಡಿ ಒಬ್ಬ ದೊಡ್ಡ ಡಾಕ್ಟರು ಮೋಸ ಹೋದರು.

ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದೇನೆ. ಕ್ಯಾನ್ಸರ್ ಎಂಬುದನ್ನೂ, ನೀವು ಮಾಡಿದ್ದನ್ನೂ. ತೀರ್ಥಪ್ಪ ದೊಡ್ಡ ಮಾವನಿಗೂ ಹೇಳಿದ್ದೇನೆ. ಭಾನುವಾರ ಅವರು ಬಂದು ಅಮ್ಮನನ್ನು ಬುಕ್ಕಾಂಬುಧಿಗೆ ಕರೆದುಕೊಂಡು ಹೋಗುತ್ತಾರೆ. ಅಡ್ಡ ಬರಬೇಡಿ.

ಸಂಗೀತಾ


ಬೀರೂರು
15 ನವೆಂಬರ್ 2024

ಸಂಗೀತಾಳಿಗೆ,

'ನೀವು' ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ ಇವತ್ತಿನವರೆಗೆ ನೀನು ನನ್ನನ್ನು ಹಾಗೆ ಕರೆದದ್ದಿಲ್ಲ. ಇರಲಿ.

ಅಣ್ಣ ಬಂದು ಅಕ್ಕನನ್ನು ಕರೆದುಕೊಂಡು ಹೋದ. ಅವಳು ಕಾರು ಹತ್ತುವಾಗ ನನ್ನ ಕಡೆ ತಿರುಗಲಿಲ್ಲ. ಮೆಸ್ಸಿನ ಬೀಗದ ಕೈಯನ್ನು ಕರಿಸಿದ್ದಪ್ಪನ ಕೈಗೆ ಕೊಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ.

ನಾನು ಆ ಚುಕ್ಕೆ ಕಂಡೆ. ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಛತ್ರದಲ್ಲಿ ಬೆಳಕು ಸಾಲದೆ ಹೋದರೆ ಚಿತ್ರದಲ್ಲಿ ಬಿಳಿ ಕಾಳು ಕಾಳು ಬರುವುದಿಲ್ಲವೇ, ಅದೇ ಎಂದುಕೊಂಡೆ. ಒಳಗಿನ ಕತ್ತಲಿಗೆ ಕ್ಯಾಮೆರಾ ತಡವರಿಸಿದೆ ಎಂದುಕೊಂಡೆ. ನಿನ್ನ ಡಾಕ್ಟರು, ನಿನ್ನ ಪರದೆ, ಅಲ್ಲಿ ನಿನ್ನ ಜೊತೆಯವರೆಲ್ಲ ನಿಂತು ನೋಡುತ್ತಾರೆ, ಇವಳ ಊರಿನಿಂದ ಬಂದದ್ದು ಇಷ್ಟು ಹೊಲಸು ಚಿತ್ರವಾ ಎಂದು ನಿನ್ನನ್ನು ನೋಡಿ ನಗುತ್ತಾರೆ ಅನ್ನಿಸಿತು. ಎರಡು ದಿನ ಕೂತೆ. ಹಳದಿ ತೆಗೆದೆ, ಹೊಳಪು ಕಮ್ಮಿ ಮಾಡಿದೆ, ಕಾಳು ತೊಳೆದೆ. ಇಪ್ಪತ್ತೇಳು ವರ್ಷದಿಂದ ನನ್ನ ಕೈಗೆ ಬಂದದ್ದು ಅದೊಂದೇ ಕೆಲಸ. ಮುಗಿದಾಗ ನನಗೆ ಖುಷಿಯಾಗಿತ್ತು ಕಣೇ. ಅಕ್ಕನ ಹೊಟ್ಟೆಯೊಳಗೆ ಎಷ್ಟು ಚೆನ್ನಾಗಿದೆ ಎಂದು ಖುಷಿಪಟ್ಟೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಉಗಿಯಬೇಕು ಅನ್ನಿಸುತ್ತಿದೆ.

ಡಾಕ್ಟರು ಪಕ್ಕಕ್ಕೆ ಕರೆದು 'ಬಿಳಿ ಕಾಳು' ಎಂದ ಕ್ಷಣಕ್ಕೆ ನನಗೆ ಗೊತ್ತಾಯಿತು. ಅವತ್ತಿನಿಂದ ಒಬ್ಬನೇ ತಿಂದುಕೊಂಡಿದ್ದೇನೆ.

ಒಂದು ಮಾತು ಮಾತ್ರ ಕೇಳುತ್ತೇನೆ, ಬೇಕಾದರೆ ಸಿಟ್ಟಾಗು. 'ಏನು ಹುಡುಕುತ್ತಾರೆ ಅಂತ ನಿನಗೆ ಬರೆಯುವುದಿಲ್ಲ' ಎಂದು ಬರೆದವಳು ನೀನು. ಬಿಳಿ ಚುಕ್ಕೆ ಇದ್ದರೆ ಮುಟ್ಟಬೇಡ ಎಂದು ಒಂದೇ ಒಂದು ಸಾಲು ಬರೆದಿದ್ದರೆ ನಾನು ಮುಟ್ಟುತ್ತಿದ್ದೆನಾ?

ಓಂಕಾರೇಶ್


ಬೀರೂರು
2 ಜನವರಿ 2025

ಸಂಗೀತಾಳಿಗೆ,

ಅಕ್ಕನಿಗೆ ಹೊಟ್ಟೆಯಲ್ಲಿ ನೀರು ತುಂಬಿದೆ ಎಂದು ಕರಿಸಿದ್ದಪ್ಪನಿಂದ ತಿಳಿಯಿತು. ನಾನು ಬುಕ್ಕಾಂಬುಧಿಗೆ ಎರಡು ಸಲ ಹೋದೆ. ಎರಡು ಸಲವೂ ಅಣ್ಣ ಕೆರೆ ಏರಿಯ ಮೇಲೇ ಎದುರಾಗಿ ತಿರುಗಿ ಕಳಿಸಿದ. "ಮಗಳು ಬ್ಯಾಡ ಅಂದವ್ಳೆ ಕಣೋ, ನಾನೇನ್ ಮಾಡ್ಲಿ?" ಅಂದ. ನೀನು ಒಂದು ಮಾತು ಹೇಳಿದರೆ ಬಿಡುತ್ತಾನೆ. ನಾನು ಮಾತಾಡುವುದಿಲ್ಲ. ಬಾಗಿಲಲ್ಲಿ ನಿಂತು ನೋಡಿ ಬರುತ್ತೇನೆ.

ಓಂಕಾರೇಶ್


ಪುಣೆ
8 ಜನವರಿ 2025

ಬೇಡ.

ಸಂಗೀತಾ


ಪುಣೆ
20 ಫೆಬ್ರವರಿ 2025

ಮಾವ,

ಅಮ್ಮ ಹೋಗಿ ಇವತ್ತಿಗೆ ಇಪ್ಪತ್ತೊಂದು ದಿನ. ನಿನಗೆ ಹೇಗೆ ಬರೆಯಬೇಕೋ ತಿಳಿಯದೆ ಇಷ್ಟು ದಿನ ಮಾಡಿದೆ.

ಮಣ್ಣು ಹಾಕುವಾಗ ನೀನು ಹಿಂದಿನಿಂದ ಬಂದು ಒಂದು ಹಿಡಿ ತೆಗೆದುಕೊಂಡೆ. ದೊಡ್ಡ ಮಾವ ನಿನ್ನ ಮಣಿಕಟ್ಟು ಹಿಡಿದು "ನಿನ್ ಕೈ ಸಾಕು, ಬಿಡು" ಅಂದರು. ನೀನು ಮುಷ್ಟಿ ಬಿಚ್ಚಿ ಮಣ್ಣನ್ನು ಅಲ್ಲೇ ಕಾಲ ಬಳಿ ಸುರಿದು ಹೋದೆ. ನಾನು ನಾಲ್ಕು ಮಾರು ದೂರದಲ್ಲಿದ್ದೆ. ಕಂಡೆ. ಸುಮ್ಮನಿದ್ದೆ. ಎಲ್ಲರೂ ನನ್ನನ್ನು "ಪಾಪ, ಹುಡುಗಿ ಎಷ್ಟು ಓಡಾಡಿತು" ಎಂದು ಹೊಗಳುತ್ತಿದ್ದರು. ಹೊಗಳಿಸಿಕೊಂಡೆ.

ದ್ವಾರಕಾನಾಥ್ ಸರ್ ಆ ವಿಡಿಯೋ ನೋಡಲಿಲ್ಲ ಮಾವ. ನಿನ್ನ ಪೆನ್ ಡ್ರೈವ್ ಬರುವಷ್ಟರಲ್ಲಿ ಅವರು ತಿಂಗಳ ಮಟ್ಟಿಗೆ ಊರು ಬಿಟ್ಟಿದ್ದರು, ಯಾವುದೋ ಸಮ್ಮೇಳನಕ್ಕೆ ಹೊರದೇಶಕ್ಕೆ ಹೋಗಿದ್ದರು. ಬೇರೆ ಡಾಕ್ಟರನ್ನು ಕೇಳಿದೆ, ಕಾಗದಪತ್ರ ಇಲ್ಲದೆ ನೋಡುವುದಿಲ್ಲ ಅಂದರು. ಇಪ್ಪತ್ತೇಳು ಹತ್ತಿರ ಬಂದಿತ್ತು. ಐದು ವರ್ಷದಿಂದ ದಿನಕ್ಕೆ ಮೂರು ಹೊಟ್ಟೆ ಆ ಪರದೆಯಲ್ಲಿ ನೋಡಿದವಳು ನಾನು. ನನಗೆ ಗೊತ್ತಾಗದೆ ಇರುತ್ತದಾ ಅನ್ನಿಸಿತು. ಊಟದ ಬಿಡುವಿನಲ್ಲಿ ಖಾಲಿ ಥಿಯೇಟರಿನಲ್ಲಿ ಒಬ್ಬಳೇ ಕೂತು ನೋಡಿದೆ. ನಾನೇ ಸ್ವಚ್ಛ ಎಂದೆ. ಸರ್ ಅಂದರು ಎಂದು ನಿನಗೆ ಬರೆದೆ.

ಇನ್ನೊಂದು ಹೇಳಬೇಕು. ಅದನ್ನು ಹೇಳದೆ ಇದ್ದರೆ ಇದನ್ನು ಹೇಳಿಯೂ ಪ್ರಯೋಜನವಿಲ್ಲ. ಆ ನುಣುಪು ನನಗೆ ಗೊತ್ತಿತ್ತು. ಎಸ್ಸೆಸ್ಸೆಲ್ಸಿ ಫೋಟೋದಲ್ಲಿ ನನ್ನ ಹಣೆಯ ಸೀತಾಳೆ ಸಿಡುಬಿನ ಕಲೆ ತೆಗೆದುಕೊಟ್ಟೆಯಲ್ಲ, ಅದೇ ನುಣುಪು. ಹೈಸ್ಕೂಲು ರಜೆಗಳನ್ನೆಲ್ಲ ನಿನ್ನ ಸ್ಟೂಲಿನ ಪಕ್ಕ ಕೂತು ಕಳೆದವಳು ನಾನು. ಹೊಟ್ಟೆಯೊಳಗಿನ ಚಿತ್ರ ಹಾಗಿರುವುದಿಲ್ಲ, ಒದ್ದೆಯಾಗಿ ಮಿರಮಿರ ಮಿಂಚಬೇಕು. ದ್ವಾರಕಾನಾಥ್ ಸರ್ ನೋಡಿದ್ದರೂ ಯಾರು ತೊಳೆದರು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಭೂಮಿಯ ಮೇಲೆ ಅದು ನಿನ್ನ ಕೈ ಎಂದು ಗುರುತು ಹಿಡಿಯಬಲ್ಲವಳು ನಾನೊಬ್ಬಳೇ. ಗುರುತು ಹಿಡಿಯದೆ ಚೆನ್ನಾಗಿದೆ ಎಂದು ಮೆಚ್ಚಿದೆ.

ಯುಗಾದಿಗೆ ಬರುತ್ತೇನೆ. ದೊಡ್ಡ ಮಾವನ ಮುಂದೆ, ಎಲ್ಲರ ಮುಂದೆ ಹೇಳುತ್ತೇನೆ. ನನ್ನನ್ನು ಬೈದು ಬರಿ. ಏನಾದರೂ ಬರಿ.

ಸಂಗೀತಾ


ಬೀರೂರು
1 ಮಾರ್ಚ್ 2025

ಸಂಗೀತಾ,

ನನಗೆ ಗೊತ್ತಿತ್ತು.

ಹೋದ ಜುಲೈನಲ್ಲಿ ರಿಪೋರ್ಟು ಬಂದ ಮಾರನೆಯ ದಿನ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿದ್ದೆ. ದೊಡ್ಡ ಡಾಕ್ಟರ ಕಾಲು ಹಿಡಿದು, ಸಾರ್, ತೊಳೆದು ಕಳಿಸಿದ್ದು ನಾನು, ಈಗೇನು ಮಾಡಬಹುದು ಹೇಳಿ ಎಂದು ಕೇಳಬೇಕಾಗಿತ್ತು. ನಮ್ಮ ಕಡೆಯವರು, ಮರ್ಯಾದೆಯಾಗಿ ಮಾತಾಡಿದರು. "ಯಾವ ವಿಡಿಯೋ? ಸಂಗೀತಾ ನನಗೇನೂ ತೋರ್ಸಿಲ್ವಲ್ಲ, ನಾನು ನಿನ್ನೆ ಮೊನ್ನೆ ವಾಪಸ್ ಬಂದೆ" ಅಂದರು. ತಪ್ಪು ನಂಬರಾಯಿತು ಸಾರ್ ಎಂದು ಇಟ್ಟುಬಿಟ್ಟೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ದೊಡ್ಡತನ ಎಂದುಕೊಳ್ಳಬೇಡ. ಆಗ ನಿನ್ನದು ಎತ್ತಿದರೆ ನನ್ನದೂ ಹೊರಗೆ ಬರುತ್ತಿತ್ತು, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ನನ್ನದು ಹೊರಗೆ ಬಂತು. ಆಗ ನಿನ್ನದನ್ನು ಎಸೆಯಬೇಕು ಎಂದು ಎರಡು ಸಲ ಬರೆದೆ, ಎರಡು ಸಲವೂ ಹರಿದೆ. ಡಿಸೆಂಬರಿನಲ್ಲಿ ಒಂದು ದಿನ ಅಕ್ಕ ಯಾರದೋ ಮೊಬೈಲಿನಿಂದ ಕದ್ದು ಫೋನ್ ಮಾಡಿದಳು. ಬೇರೇನೂ ಮಾತಾಡಲಿಲ್ಲ. "ಲೇ ಓಂಕಾರಿ, ಆ ಸಿನಿಮಾನ ಸಂಗೀತಾನ ಡಾಕ್ಟ್ರು ನೋಡಿದ್ರು ತಾನೇ? ಮಗಳು ಸರಿಯಾಗೇ ತೋರ್ಸಿದ್ಲು ತಾನೇ?" ಎಂದು ಕೇಳಿದಳು. "ಹೂಂ ಅಕ್ಕ, ಸರಿಯಾಗೇ ತೋರ್ಸಿದ್ಲು. ಕೆಡಿಸಿದ್ದು ನಾನೊಬ್ನೇ" ಎಂದೆ. "ಹಂಗಾದ್ರೆ ಸರಿ" ಎಂದು ಇಟ್ಟಳು. ನಮ್ಮಿಬ್ಬರ ಕೊನೆಯ ಮಾತು ಅದೇ.

ಯುಗಾದಿಗೆ ಬಂದು ಎಲ್ಲರ ಮುಂದೆ ಹೇಳುವುದು ಬೇಡ. ಹೇಳಿದರೆ ನಿನ್ನ ಎದೆ ಹಗುರವಾಗುತ್ತದೆ. ನನಗೆ ಆ ಹಿಡಿ ಮಣ್ಣು ವಾಪಸ್ಸು ಬರುವುದಿಲ್ಲ. ಹೇಳುವುದಿದ್ದರೆ ಅವತ್ತು ಅಲ್ಲೇ, ಅಣ್ಣ ನನ್ನ ಕೈ ಹಿಡಿದಾಗ ಹೇಳಬೇಕಿತ್ತು. ಬೈದು ಬರಿ ಅಂದೆಯಲ್ಲ, ಇಷ್ಟೇ ನನ್ನ ಬೈಗುಳ. ಕಾಗದವನ್ನೂ ಇನ್ನು ಬರೆಯಬೇಡ. ರಂಗಯ್ಯ ನಿನ್ನ ಕವರು ತಂದಾಗಲೆಲ್ಲ ನನಗೆ ಆ ಪೆನ್ ಡ್ರೈವ್ ಹಾಕಿ ಅಂಟಿಸಿದ ಕವರು ನೆನಪಾಗುತ್ತದೆ.

ಅಕ್ಕ ಕೊನೆಯದಾಗಿ ಮುದ್ದೆ ಉಂಡದ್ದು ಯಾವತ್ತು ಎಂದು ನೀನು ಯಾವತ್ತೂ ಕೇಳಲಿಲ್ಲ. ನಿನಗೆ ತಿಳಿದಿರಲಿ. ಜೂನ್ ಇಪ್ಪತ್ತೈದು, ಮಂಗಳವಾರ ಮಧ್ಯಾಹ್ನ, ಶಿವಮೊಗ್ಗಕ್ಕೆ ಹೊರಡುವ ಮುಂಚೆ. ಹುರುಳಿಕಾಳಿನ ಸಾರು ಮಾಡಿದ್ದಳು. ರೈಲ್ವೆಯವರೆಲ್ಲ ಎದ್ದ ಮೇಲೆ ಕೂತಳು, ಬಡಿಸಿದವನು ನಾನು. ಒಂದು ಮುಗಿಸಿ, "ಇನ್ನೊಂದು ಹಾಕೋ, ನಾಳೆಯಿಂದ ಉಪವಾಸ ಕೆಡವ್ತಾರೆ" ಎಂದು ತಟ್ಟೆ ಚಾಚಿದಳು. ಸಾಕು ಏಳಕ್ಕ, ಬಸ್ಸು ತಪ್ಪುತ್ತೆ ಎಂದು ನಾನು ಹಾಕಲಿಲ್ಲ.

ಓಂಕಾರೇಶ್